ನಜರ್‌ಬಾದ್ ಶಾಖೆಯಲ್ಲಿ ಎಣಿಸಿದ ಹನ್ನೊಂದು ತಲೆ

ನೇಪಾಳದ ಗುಡ್ಡಗಳಲ್ಲಿರುವ ಹತ್ತೊಂಬತ್ತು ಬ್ಯಾಂಕ್ ಶಾಖೆಗಳನ್ನು ಮುಚ್ಚಬಹುದು ಎಂದು ಬರೆದ ಅಧ್ಯಾಯ ನನ್ನದು. ನೇಪಾಳವನ್ನು ನಾನು ನೋಡಿಲ್ಲ. ಅಧ್ಯಾಯ ಬರೆದದ್ದು ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ, ಒಂದು ಟ್ರಂಕಿನ ಅಂಗಡಿಯ ಮೇಲಿನ ಮಹಡಿಯಲ್ಲಿ ಕೂತು. ಕೆಳಗೆ ದಿನವಿಡೀ ತಗಡು ಬಡಿಯುತ್ತಿದ್ದರು. ಅವರು ಬಡಿದದ್ದು ಕೊನೆಗೆ ಟ್ರಂಕಾದರೂ ಆಗುತ್ತಿತ್ತು. ನಾವು ಮಹಡಿಯ ಮೇಲೆ ಏನು ಮಾಡುತ್ತಿದ್ದೆವು ಎನ್ನುವುದನ್ನು ಹೇಳಲು ಈಗಲೂ ನನಗೆ ಸ್ವಲ್ಪ ನಾಚಿಕೆಯೇ.

ನಮ್ಮದೊಂದು ಸಣ್ಣ ಸಂಶೋಧನಾ ಸಂಸ್ಥೆ. ನಿರ್ದೇಶಕರು ನಿವೃತ್ತ ಪ್ರಾಧ್ಯಾಪಕರು, ನಜರ್‌ಬಾದಿನ ಹಳೆಯ ಮನೆತನದವರು. ಅವರ ತಾತ ಅರಮನೆಯ ಖಜಾನೆಯಲ್ಲಿ ಗುಮಾಸ್ತರಾಗಿದ್ದರಂತೆ. ಹಾಗಾಗಿ ಬ್ಯಾಂಕಿಂಗ್ ತಮ್ಮ ರಕ್ತದಲ್ಲೇ ಇದೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ರಕ್ತದಲ್ಲಿ ಇದ್ದದ್ದು ಸಕ್ಕರೆ ಮಾತ್ರ ಎಂದು ನಾನೂ ಕಚೇರಿ ನೋಡಿಕೊಳ್ಳುತ್ತಿದ್ದ ಗುಮಾಸ್ತೆಯೂ ಹಿಂದಿನಿಂದ ಆಡಿಕೊಳ್ಳುತ್ತಿದ್ದೆವು. ಸಂಸ್ಥೆಯೆಂದರೆ ನಾವು ಮೂವರೇ. ನಾನು ಮಾರ್ಚ್ ಕೊನೆಯವರೆಗಿನ ಕಾಂಟ್ರಾಕ್ಟಿನ ಮೇಲಿದ್ದೆ.

ಹೊರದೇಶದ ಒಂದು ನಿಧಿ ನಮಗೆ ಕೆಲಸ ಕೊಟ್ಟಿತ್ತು. ನೆರೆಯ ದೇಶಗಳ ವಾಣಿಜ್ಯ ಬ್ಯಾಂಕುಗಳು ಎಷ್ಟು ಮಿತವ್ಯಯದಲ್ಲಿ ನಡೆಯುತ್ತಿವೆ ಎಂದು ಅಳೆದು ಕೊಡಬೇಕು. ನೇಪಾಳ, ಶ್ರೀಲಂಕಾ, ಬಾಂಗ್ಲಾದೇಶ, ಜೊತೆಗೆ ಹೋಲಿಕೆಗೆ ನಮ್ಮವು. ಆ ನಿಧಿ ಅಲ್ಲಿನ ಸಣ್ಣ ಬ್ಯಾಂಕುಗಳಿಗೆ ಸಾಲ ಕೊಡುತ್ತಿತ್ತು. ಯಾರಿಗೆ ಮುಂದುವರಿಸುವುದು, ಯಾರಿಗೆ ಶಾಖೆ ಕಡಿಮೆ ಮಾಡಿ ಎನ್ನುವುದು, ಇದನ್ನು ನಮ್ಮ ಪಟ್ಟಿ ನೋಡಿ ತೀರ್ಮಾನಿಸುವವರಿದ್ದರು. ಇದು ಮೊದಲ ದಿನವೇ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ.

ವಿಧಾನ ಕೇಳಲು ಭಾರಿ, ಒಳಗೆ ಸರಳ. ಇಬ್ಬರು ಅಡುಗೆಯವರು ನೂರು ಜನಕ್ಕೆ ಒಂದೇ ಊಟ ಬಡಿಸುತ್ತಾರೆ ಅಂತಿಟ್ಟುಕೊಳ್ಳಿ. ಅಕ್ಕಿ, ಸೌದೆ, ಆಳು ಇಬ್ಬರಿಗೂ ಎಷ್ಟಕ್ಕೆ ಸಿಗುತ್ತವೆ ಎಂದು ಮೊದಲು ನೋಡಬೇಕು. ಆ ಬೆಲೆಗೆ ಆ ಊಟವನ್ನು ಕನಿಷ್ಠ ಎಷ್ಟರಲ್ಲಿ ಮುಗಿಸಬಹುದಿತ್ತು, ನಿಜವಾಗಿ ಎಷ್ಟಾಯಿತು, ಈ ಎರಡರ ಅಂತರವೇ ದುಂದು. ಬ್ಯಾಂಕಿಗೆ ಸಾಲ ಮತ್ತು ಹೂಡಿಕೆಗಳೇ ಊಟ. ಠೇವಣಿಗೆ ಕೊಡುವ ಬಡ್ಡಿ, ಕಟ್ಟಡ ಯಂತ್ರಗಳ ಖರ್ಚು, ನೌಕರರ ಸಂಬಳ ಇವು ಮೂರು ಬೆಲೆಗಳು. ಎಲ್ಲಕ್ಕಿಂತ ಅಗ್ಗವಾಗಿ ನಡೆಸಿದ ಬ್ಯಾಂಕುಗಳನ್ನು ಸೇರಿಸಿ ಕಂಪ್ಯೂಟರ್ ಒಂದು ಗಡಿರೇಖೆ ಎಳೆಯುತ್ತದೆ. ಉಳಿದವು ಆ ರೇಖೆಯಿಂದ ಎಷ್ಟು ದೂರ ಬಿದ್ದಿವೆಯೋ ಅಷ್ಟು ದುಂದುಗಾರರು.

ಅಂಕಿ ಸಂಗ್ರಹಕ್ಕೆ ಐದು ತಿಂಗಳು ಹಿಡಿಯಿತು. ನಮ್ಮ ಬ್ಯಾಂಕುಗಳ ವರ್ಷ ಮಾರ್ಚಿಗೆ ಮುಗಿದರೆ ಲಂಕೆಯದ್ದೂ ಬಾಂಗ್ಲಾದ್ದೂ ಡಿಸೆಂಬರಿಗೆ, ನೇಪಾಳದ್ದು ಆಷಾಢಕ್ಕೆ. ನಮ್ಮವರು ಲಕ್ಷ ಕೋಟಿಯಲ್ಲಿ ಬರೆದರೆ ಅವರು ಸಾವಿರ, ಮಿಲಿಯನ್ನುಗಳಲ್ಲಿ. ಮಿಲಿಯನ್ನುಗಳೆಂದು ತಿಳಿದು ಹಾಕಿದ್ದರಿಂದ ಬಾಂಗ್ಲಾದ ಒಂದು ಬ್ಯಾಂಕಿನ ಖರ್ಚು ನನ್ನ ಪಟ್ಟಿಯಲ್ಲಿ ನಿಜವಾಗಿ ಇದ್ದದ್ದಕ್ಕಿಂತ ಸಾವಿರ ಪಟ್ಟು ಹೆಚ್ಚಾಗಿ ಕೂತಿತ್ತು. 'ಸಾವಿರಗಳಲ್ಲಿ' ಎಂಬ ಸೂಚನೆಯನ್ನು ಅವರು ಹಿಂದಿನ ಪುಟದ ಮೂಲೆಯಲ್ಲಿ ಅಡಗಿಸಿಟ್ಟಿದ್ದರು. ಅದನ್ನು ಹುಡುಕಲು ಒಂದು ವಾರ ಹೋಯಿತು.

ಬ್ಯಾಂಕುಗಳ ವಾರ್ಷಿಕ ವರದಿಗಳಷ್ಟು ನಾಚಿಕೆಗೆಟ್ಟ ಪುಸ್ತಕಗಳನ್ನು ನಾನು ಓದಿಲ್ಲ. ಎಲ್ಲ ದೇಶಗಳಲ್ಲೂ ಒಂದೇ ಕಥೆ. ಅಧ್ಯಕ್ಷರ ಭಾವಚಿತ್ರಕ್ಕೆ ಇಡೀ ಪುಟ. ಗಿಡ ನೆಟ್ಟದ್ದಕ್ಕೆ ಎರಡು ಪುಟ, ಗಿಡಕ್ಕಿಂತ ನೆಟ್ಟವರೇ ದೊಡ್ಡದಾಗಿ ಕಾಣುವಂತೆ. ನೌಕರರು ನಮ್ಮ ಆಸ್ತಿ ಎಂದು ದಪ್ಪ ಅಕ್ಷರದಲ್ಲಿ. ಆ ಆಸ್ತಿ ಎಷ್ಟು ಜನ ಎಂದು ಹುಡುಕಿದರೆ ಸಿಗುವುದಿಲ್ಲ. ಸಣ್ಣ ಬ್ಯಾಂಕುಗಳಲ್ಲಿ ಎಂಟು ಬ್ಯಾಂಕುಗಳು ನೌಕರರ ಸಂಖ್ಯೆಯನ್ನೇ ಕೊಟ್ಟಿರಲಿಲ್ಲ. ಸಂಬಳದ ಒಟ್ಟು ಖರ್ಚು ಇತ್ತು, ಶಾಖೆಗಳ ಸಂಖ್ಯೆ ಇತ್ತು. ತಲೆ ಎಷ್ಟು ಎಂದು ಗೊತ್ತಿಲ್ಲದೆ ತಲಾ ಸಂಬಳ ತೆಗೆಯುವುದು ಹೇಗೆ?

ಬ್ಯಾಂಕುಗಳಿಗೇ ಪತ್ರ ಬರೆದು ಕೇಳೋಣ ಎಂದೆ. ನಿರ್ದೇಶಕರು ಅದಕ್ಕೆ ಆರು ತಿಂಗಳಾಗುತ್ತದೆ ಎಂದರು. ಇಂಥ ಕಡೆ ಸಂಬಳದ ಖರ್ಚನ್ನು ಒಟ್ಟು ಆಸ್ತಿಯಿಂದ ಭಾಗಿಸುವ ರೂಢಿ ಇದೆ, ಹಾಗೆ ಮಾಡೋಣವೇ ಎಂದೆ. ಆಸ್ತಿ ಸಂಬಳ ತಗೊಳ್ಳುತ್ತದೆಯೇ ಎಂದು ನಕ್ಕರು. ನಂತರ ಕನ್ನಡಕ ತೆಗೆದು ಒರೆಸುತ್ತ, ಶಾಖೆಗೆ ಹನ್ನೊಂದು ಜನ ಎಂದು ಹಾಕಿಕೊಳ್ಳಿ, ಅದು ಕ್ಷೇತ್ರದ ಅಂಕಿ ಎಂದರು. ಯಾವ ಕ್ಷೇತ್ರ ಎಂದು ನಾನು ಕೇಳಲಿಲ್ಲ. ಎಲ್ಲೋ ಒಂದು ಸಮೀಕ್ಷೆ ಮಾಡಿಸಿರಬೇಕು ಅಂದುಕೊಂಡೆ. ಶಾಖೆಗಳ ಸಂಖ್ಯೆಯನ್ನು ಹನ್ನೊಂದರಿಂದ ಗುಣಿಸಿ, ಅಡಿಟಿಪ್ಪಣಿಯಲ್ಲಿ 'ಕ್ಷೇತ್ರ ವೀಕ್ಷಣೆಯನ್ನು ಆಧರಿಸಿದ ಅಂದಾಜು' ಎಂದು ಬರೆದೆ. ಆ ಘನವಾದ ಮಾತು ನನ್ನದೇ ಸ್ವಂತ ಸೃಷ್ಟಿ. ನಿರ್ದೇಶಕರಿಗೆ ಅಷ್ಟು ಚೆನ್ನಾಗಿ ಸುಳ್ಳು ಹೇಳಲು ಬರುತ್ತಿರಲಿಲ್ಲ.

ಫಲಿತಾಂಶ ಬಂತು. ನೌಕರರ ಸಂಖ್ಯೆ ಕೊಡದ ಎಂಟೂ ಬ್ಯಾಂಕುಗಳು ಸಾಲಾಗಿ ಪಟ್ಟಿಯ ತಳದಲ್ಲಿ ಕೂತಿದ್ದವು. ಕಣ್ಣಿರುವ ಯಾರಿಗಾದರೂ ಅನುಮಾನ ಬರಬೇಕಿತ್ತು. ನನಗೆ ಖುಷಿಯಾಯಿತು. ಅಂಕಿ ಮುಚ್ಚಿಟ್ಟವರೇ ದುಂದುಗಾರರು, ಎಷ್ಟು ಚೆಂದದ ಫಲಿತಾಂಶ ಅನ್ನಿಸಿತು. ಎಲ್ಲಕ್ಕಿಂತ ಕೆಳಗಿದ್ದದ್ದು ನೇಪಾಳದ ಒಂದು ಗುಡ್ಡಗಾಡಿನ ಬ್ಯಾಂಕು. ಅದರ ತಲಾ ಸಂಬಳ ಎಷ್ಟು ಕಡಿಮೆ ಬಂದಿತ್ತೆಂದರೆ ಅಷ್ಟಕ್ಕೆ ಕಸ ಗುಡಿಸಲೂ ಯಾರೂ ಬರುವುದಿಲ್ಲ. ಅದನ್ನು ನೋಡಿದ್ದೆ, ಒಂದು ಕ್ಷಣ ನಿಂತೂ ಇದ್ದೆ. ಬಡ ದೇಶ, ಅಷ್ಟೇ ಕೊಡುತ್ತಾರೇನೋ ಅಂದುಕೊಂಡು ಮುಂದೆ ಹೋದೆ. ನಿರ್ದೇಶಕರನ್ನು ಬೈಯುವ ಮೊದಲು ಈ ಒಂದು ವಾಕ್ಯಕ್ಕಾಗಿ ನನ್ನನ್ನು ನಾನೇ ಬೈದುಕೊಳ್ಳಬೇಕು.

ಅಷ್ಟಕ್ಕೇ ನಿಲ್ಲಲಿಲ್ಲ. ಗುಡ್ಡಗಾಡಿನ ಶಾಖೆಗಳಲ್ಲಿ ಶಿಫಾರಸಿನ ಮೇಲೆ ಸೇರಿದ ಹೆಚ್ಚುವರಿ ಸಿಬ್ಬಂದಿ ಕೂತು ತಿನ್ನುತ್ತಿರಬಹುದು ಎಂದು ಒಂದು ಪ್ಯಾರಾ ಬರೆದೆ. ಭಾಷೆ ಇನ್ನೂ ಗಂಭೀರವಾಗಿತ್ತು, ಅರ್ಥ ಇಷ್ಟೇ. ನಿರ್ದೇಶಕರಿಗೆ ಆ ಪ್ಯಾರಾ ಬಹಳ ಹಿಡಿಸಿತು. ಅದರ ಕೆಳಗೆ ಹತ್ತೊಂಬತ್ತು ಶಾಖೆ ಮುಚ್ಚುವ ಶಿಫಾರಸನ್ನು ಅವರೇ ಕೈಯಾರೆ ಸೇರಿಸಿದರು. ಕರಡನ್ನು ನಿಧಿಗೂ ಎಲ್ಲ ಬ್ಯಾಂಕುಗಳಿಗೂ ಅಭಿಪ್ರಾಯಕ್ಕೆ ಕಳಿಸಿದೆವು. ಅದೊಂದು ಶಾಸ್ತ್ರ, ಯಾರೂ ಓದುವುದಿಲ್ಲ, ಉತ್ತರಿಸುವುದೂ ಇಲ್ಲ.

ಜನವರಿಯ ಒಂದು ಬೆಳಗ್ಗೆ ಕಚೇರಿಯ ಫೋನಿಗೆ ನೇಪಾಳದಿಂದ ಕರೆ ಬಂತು. ಅದೇ ಗುಡ್ಡಗಾಡಿನ ಬ್ಯಾಂಕಿನ ಯೋಜನಾ ವಿಭಾಗದ ಅಧಿಕಾರಿ. ಅರ್ಧ ಹಿಂದಿ ಅರ್ಧ ಇಂಗ್ಲಿಷಿನಲ್ಲಿ, ಬಹಳ ಮರ್ಯಾದೆಯಿಂದ ಮಾತಾಡಿದರು. ನಮ್ಮ ಯಾವ ಶಾಖೆಯಲ್ಲಿ ಹನ್ನೊಂದು ಜನ ಇದ್ದಾರೆ ಎಂದು ದಯವಿಟ್ಟು ತಿಳಿಸಿದರೆ ನಾನೂ ಹೋಗಿ ನೋಡಿಕೊಂಡು ಬರುತ್ತೇನೆ ಎಂದರು. ಮೊದಲು ನನಗೆ ಅದು ವ್ಯಂಗ್ಯ ಎಂದೇ ಹೊಳೆಯಲಿಲ್ಲ. ಅವರ ಗುಡ್ಡದ ಶಾಖೆಗಳಲ್ಲಿ ಇರುವುದು ಮೂವರಂತೆ, ಕೆಲವು ಕಡೆ ಇಬ್ಬರು. ಒಬ್ಬರಿಗೆ ಜ್ವರ ಬಂದರೆ ಆ ದಿನ ಬಾಗಿಲು ತೆರೆಯುವುದಿಲ್ಲ. ಒಂದು ಶಾಖೆ ಮುಚ್ಚಿದರೆ ಅಲ್ಲಿಯವರು ಮುಂದಿನ ಶಾಖೆಗೆ ಒಂದೂವರೆ ದಿನ ನಡೆಯಬೇಕು. ಮೂರು ಸಲ ಇಮೇಲ್ ಮಾಡಿದ್ದೆ, ಉತ್ತರ ಬರಲಿಲ್ಲ ಎಂದರು. ಇನ್ನು ಹದಿನೈದು ದಿನಕ್ಕೆ ಆಡಳಿತ ಮಂಡಳಿಯ ಸಭೆ ಇದೆ, ನಿಮ್ಮ ಕರಡು ಮೇಜಿನ ಮೇಲಿದೆ, ನಿಧಿಯವರು ಅದನ್ನೇ ಹಿಡಿದುಕೊಂಡು ಕೂತಿದ್ದಾರೆ ಎಂದೂ ಹೇಳಿದರು.

ಇಮೇಲುಗಳ ಬಗ್ಗೆ ಗುಮಾಸ್ತೆಯನ್ನು ಕೇಳಿದೆ. ಮೂರನ್ನೂ ಪ್ರಿಂಟ್ ಮಾಡಿ, ತೂತು ಹೊಡೆದು, ದಾರ ಕಟ್ಟಿ ಇಟ್ಟಿದ್ದಳು.

"ಸಾರ್ ಫೈಲ್ ಮಾಡಿ ಅಂದ್ರು, ಮಾಡ್ಬುಟ್ಟೆ" ಎಂದಳು.

ಸಂಸ್ಥೆಯಲ್ಲಿ ಹೇಳಿದ ಕೆಲಸವನ್ನು ಸರಿಯಾಗಿ ಮಾಡುತ್ತಿದ್ದವಳು ಅವಳೊಬ್ಬಳೇ.

ಆ ಲೆಕ್ಕ ಹೇಗೆ ಎಡವಿತು ಎಂದು ಆಗ ಹತ್ತು ನಿಮಿಷದಲ್ಲಿ ತಿಳಿಯಿತು. ಮೂವರು ಹಂಚಿಕೊಳ್ಳುವ ಸಂಬಳವನ್ನು ನಾನು ಹನ್ನೊಂದು ಜನಕ್ಕೆ ಹಂಚಿದ್ದೆ. ಹಾಗಾಗಿ ಅಲ್ಲಿ ಆಳು ಬಹಳ ಅಗ್ಗ ಎಂದು ಕಂಪ್ಯೂಟರ್ ನಂಬಿತು. ಇಷ್ಟು ಅಗ್ಗದ ಆಳು ಸಿಗುವಾಗ ಖರ್ಚು ಯಾಕೆ ಇಷ್ಟು ಎಂದು ಬ್ಯಾಂಕನ್ನು ತಳಕ್ಕೆ ತಳ್ಳಿತು. ಯಂತ್ರ ತನ್ನ ಕೆಲಸವನ್ನು ನೆಟ್ಟಗೆ ಮಾಡಿತ್ತು. ಇಲ್ಲದ ಎಂಟು ಜನರನ್ನು ಒಂದೊಂದು ಶಾಖೆಗೂ ನೇಮಕ ಮಾಡಿ, ಆಮೇಲೆ ಸಿಬ್ಬಂದಿ ಜಾಸ್ತಿಯಾಯಿತು ಎಂದು ಬೈದವಳು ನಾನು.

ಮಧ್ಯಾಹ್ನ ನಿರ್ದೇಶಕರು ಬಂದಾಗ ಹನ್ನೊಂದು ಎಲ್ಲಿಂದ ಬಂತು ಎಂದು ಕೇಳಿದೆ. ಅವರಿಗೆ ಮುಜುಗರವೇನೂ ಆಗಲಿಲ್ಲ, ಹೆಮ್ಮೆಯೇ ಆಯಿತು. ಪಿಂಚಣಿಯವರು ನವೆಂಬರಿನಲ್ಲಿ ಬದುಕಿದ್ದೇವೆ ಎಂದು ಬ್ಯಾಂಕಿಗೆ ಪ್ರಮಾಣಪತ್ರ ಕೊಡಬೇಕಲ್ಲ, ಅದಕ್ಕೆ ಹೋಗಿ ನಜರ್‌ಬಾದಿನ ತಮ್ಮ ಶಾಖೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಎರಡು ಗಂಟೆ ಕೂತಿದ್ದರಂತೆ.

"ಸುಮ್ನೆ ಕೂರೋ ಜಾತಿ ಅಲ್ಲ ಕಣಮ್ಮ ನಾನು. ಕೂತಲ್ಲೇ ಎಣಿಸ್ದೆ. ಕೌಂಟರ್ ಆ ಕಡೆ ಓಡಾಡೋರು ಹನ್ನೊಂದು ಜನ. ಎರಡು ಸಲ ಎಣಿಸಿದೀನಿ."

ಎರಡು ಸಲ ಎಣಿಸಿದ್ದನ್ನು ಅವರು ಸಂಶೋಧನೆಯ ಶಿಸ್ತು ಎನ್ನುವ ಹಾಗೆ ಹೇಳಿದರು. ನಾಲ್ಕು ದೇಶಗಳ ಬ್ಯಾಂಕುಗಳು, ಹಿಮಾಲಯದ ಬುಡದಿಂದ ಹಿಂದೂ ಮಹಾಸಾಗರದವರೆಗೆ, ಇವರ ಪ್ಲಾಸ್ಟಿಕ್ ಕುರ್ಚಿಯಿಂದ ಅಳೆಯಲ್ಪಟ್ಟಿದ್ದವು. ನನಗೆ ನಗು ಬಂತು.

ಮರುದಿನ ಬೆಳಗ್ಗೆ ಆ ಶಾಖೆಗೇ ಹೋದೆ. ಅದೇ ಕುರ್ಚಿ ಇರಬೇಕು, ಅಲ್ಲೇ ಕೂತೆ. ಕೌಂಟರಿನ ಆಚೆ ನಾನೂ ಎಣಿಸಿದೆ, ಸರಿಯಾಗಿ ಹನ್ನೊಂದು. ಒಂದು ಗಳಿಗೆ ನಿರ್ದೇಶಕರೇ ಗೆದ್ದರಲ್ಲ ಅನ್ನಿಸಿತು. ಬಾಗಿಲ ಬಳಿ ಕಾವಲುಗಾರ ನಿಂತಿದ್ದ, ಟಿ. ನರಸೀಪುರದ ಕಡೆಯವನು. ಅವನನ್ನು ಮಾತಿಗೆಳೆದು ಇಲ್ಲಿ ಎಷ್ಟು ಜನ ಸ್ಟಾಫು ಎಂದು ಕೇಳಿದೆ. ಆರು ಎಂದ. ಮತ್ತೆ ಆ ಮೂಲೆಯಲ್ಲಿ ಕೂತವರು ಯಾರು ಎಂದೆ. ಒಬ್ಬರು ಒಡವೆ ಸಾಲಕ್ಕೆ ಚಿನ್ನ ಉಜ್ಜಿ ನೋಡುವ ಅಕ್ಕಸಾಲಿಗರು, ಗಿರಾಕಿ ಬಂದಾಗ ಮಾತ್ರ ಕೂಲಿ. ಇಬ್ಬರು ವಿಮೆ ಮಾರಲು ಬಂದವರು. ಒಬ್ಬಾಕೆ ಕಸ ಗುಡಿಸುವವಳು, ಅವಳ ಸಂಬಳ ಯಾವುದೋ ಏಜೆನ್ಸಿಯದ್ದು. ಹಾಗಾದರೆ ಕನ್ನಡಕ ಹಾಕಿಕೊಂಡು ಫಾರಂ ಬರೆಯುತ್ತಿರುವ ಆ ಹಿರಿಯರು ಯಾರು, ಅವರು ಅಧಿಕಾರಿ ಇರಬೇಕಲ್ಲ ಎಂದೆ.

"ಅವ್ರಾ? ಅವ್ರು ಸ್ಟಾಫಲ್ಲ ಬುಡಿ. ಕಸ್ಟಮರ್ರು ಕಣ್ರೀ. ರಿಟೈರಾದ್ಮೇಲೆ ಒತ್ತೋಗಲ್ಲ ಅಂತ ದಿನಾ ಬತ್ತಾರೆ. ಬರ್ಯಕ್ಕೆ ಬರ್ದೋರ್ಗೆ ಚಲನ್ ಬರ್ಕೊಡ್ತಾರೆ. ಮ್ಯಾನೇಜ್ರು ಒಳಗೆ ಒಂದ್ ಕುರ್ಚಿ ಆಕ್ಕೊಟ್ಟವ್ರೆ."

ಹೊತ್ತು ಹೋಗದ ಒಬ್ಬ ಗ್ರಾಹಕರನ್ನು ನಾನು ನೇಪಾಳದ ಪ್ರತಿ ಗುಡ್ಡಕ್ಕೂ ನೇಮಿಸಿದ್ದೆ. ಅವರು ತಲೆಯೆತ್ತಿ ನನ್ನನ್ನು ನೋಡಿ, ಫಾರಂ ಬರೆಯಬೇಕೇ ಎಂದು ಕೈಸನ್ನೆಯಲ್ಲಿ ಕೇಳಿದರು. ಬೇಡ ಎಂದು ಕೈಮುಗಿದು ಎದ್ದೆ.

ನಂತರದ ಎಂಟು ದಿನ ನಾನು ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಎಂಟು ಬ್ಯಾಂಕುಗಳಿಗೂ ಫೋನ್ ಮಾಡಿದೆ. ಆರು ತಿಂಗಳಾಗುತ್ತದೆ ಎಂದಿದ್ದ ಮಾಹಿತಿ ಐದು ಬ್ಯಾಂಕುಗಳಿಂದ ನಾಲ್ಕು ದಿನದಲ್ಲಿ ಬಂತು. ಕೇಳಿದರೆ ಕೊಡುತ್ತಾರೆ ಎಂಬ ಸರಳ ವಿಷಯ ನಮ್ಮ ವಿದ್ವತ್ತಿಗೆ ಹೊಳೆದಿರಲಿಲ್ಲ. ನೇಪಾಳದ ಅಧಿಕಾರಿ ಶಾಖೆವಾರು ಸಂಬಳದ ಹಾಳೆಗಳ ಫೋಟೋಗಳನ್ನೇ ಕಳಿಸಿದರು. ಒಂದೊಂದನ್ನೂ ಹಿಗ್ಗಿಸಿ ಎಣಿಸಿದೆ. ಮೂರು, ಮೂರು, ಎರಡು, ನಾಲ್ಕು, ಮೂರು. ಸರಿಯಾದ ಸಂಖ್ಯೆ ಹಾಕಿ ಮತ್ತೆ ಓಡಿಸಿದಾಗ ಆ ಬ್ಯಾಂಕು ತಳದಿಂದ ಎದ್ದು ಪಟ್ಟಿಯ ಮೇಲರ್ಧಕ್ಕೆ ಬಂತು. ಗಡಿರೇಖೆಯ ಮೇಲೇನೂ ಕೂರಲಿಲ್ಲ. ಗುಡ್ಡದಲ್ಲಿ ಮೂವರಿಂದ ಬ್ಯಾಂಕು ನಡೆಸಲು ಎಷ್ಟು ಬೇಕೋ ಹೆಚ್ಚುಕಡಿಮೆ ಅಷ್ಟೇ ಖರ್ಚು ಮಾಡುತ್ತಿತ್ತು.

ಹೊಸ ಪಟ್ಟಿಯನ್ನು ನಿರ್ದೇಶಕರ ಮುಂದಿಟ್ಟೆ. ಅವರು ಅದನ್ನು ಓದಲಿಲ್ಲ, ಬೆರಳಿನಿಂದ ಪಕ್ಕಕ್ಕೆ ಸರಿಸಿದರು. ವರದಿ ಆಗಲೇ ಅಚ್ಚಿಗೆ ಹೋಗಿತ್ತು. ಬಿಡುಗಡೆಗೆ ಸಭಾಂಗಣ ಹಿಡಿದಾಗಿತ್ತು, ಪೇಟ ಶಾಲು ಹಣ್ಣಿನ ಬುಟ್ಟಿಗೆ ಹೇಳಿಯಾಗಿತ್ತು. ಹಣ್ಣಿನ ಬುಟ್ಟಿಯ ವಿಷಯವನ್ನು ಅವರು ಎರಡು ಸಲ ಹೇಳಿದರು.

"ಅಂಕಿ ಅಂದ್ರೆ ಅಂದಾಜು ಕಣಮ್ಮ. ಹನ್ನೊಂದೋ, ಮೂರೋ. ಮುಂದಿನ ಮುದ್ರಣದಲ್ಲಿ ಒಂದು ಟಿಪ್ಪಣಿ ಹಾಕೋಣ" ಎಂದರು.

"ಅಷ್ಟರಲ್ಲಿ ಶಾಖೆ ಮುಚ್ಚಿರ್ತಾರೆ ಸಾರ್" ಎಂದೆ.

"ಮುಚ್ಚೋರು ನಾವಲ್ವಲ್ಲ. ನಮ್ಮದು ಶಿಫಾರಸು ಅಷ್ಟೆ."

ಹೀಗೆ ಹೇಳಿ, ಮಾರ್ಚ್ ಹತ್ತಿರ ಬಂತು, ನಿಮ್ಮ ಕಾಂಟ್ರಾಕ್ಟಿನ ಕಾಗದ ನನ್ನ ಮೇಜಿನ ಮೇಲೇ ಇದೆ ಎಂದು ಸೇರಿಸಿದರು. ದನಿ ಏರಿಸಲಿಲ್ಲ. ಏರಿಸಿದ್ದರೆ ಒಂದಿಷ್ಟಾದರೂ ಗೌರವ ಉಳಿಯುತ್ತಿತ್ತೇನೋ. ಖಜಾನೆಯ ತಾತನ ಫೋಟೋ ಅವರ ಹಿಂದಿನ ಗೋಡೆಯ ಮೇಲಿತ್ತು. ಆತ ದಿನದ ಕೊನೆಗೆ ನಾಣ್ಯಗಳನ್ನು ಎಣಿಸದೆ ಅಂದಾಜು ಬರೆದಿದ್ದರೆ ಆ ಗೋಡೆಗೆ ಏರುತ್ತಿರಲಿಲ್ಲ ಎನ್ನುವುದು ನನ್ನ ಬಾಯಿಯವರೆಗೂ ಬಂತು. ಹೇಳಬೇಕಿತ್ತು.

ಸಂಜೆ ಬಸ್ಸಿನಲ್ಲಿ ಮೇಟಗಳ್ಳಿಗೆ ಹೋಗುವ ದಾರಿಯುದ್ದಕ್ಕೂ ನನ್ನ ಪರವಾಗಿ ನಾನೇ ವಾದ ಮಾಡಿಕೊಂಡೆ. ಅಂಕಿ ಕೊಟ್ಟವರು ಅವರು, ಸಹಿ ಅವರದ್ದು, ನಾನು ಕಾಂಟ್ರಾಕ್ಟಿನವಳು. ವಾದ ಚೆನ್ನಾಗಿಯೇ ಇತ್ತು. ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಅವನು ಅಲ್ಲೇ ಒಂದು ಕಾರ್ಖಾನೆಯಲ್ಲಿ ಪಾಳಿ ಮೇಲ್ವಿಚಾರಕ. ಪ್ರತಿ ಪಾಳಿಯ ಮೊದಲಿಗೆ ಸಾಲಿನುದ್ದಕ್ಕೂ ನಡೆದು, ಒಬ್ಬೊಬ್ಬರ ಮುಖ ನೋಡಿ ಎಣಿಸಿ ಬರೆಯುತ್ತಾನೆ. ಬೆಂಕಿ ಬಿದ್ದರೆ ಒಳಗೆ ಎಷ್ಟು ಜನ ಇದ್ದಾರೆ ಎಂದು ಗೊತ್ತಿರಬೇಕಲ್ಲ. ನಿರ್ದೇಶಕರನ್ನು ಬೈಯುತ್ತಾನೆ ಎಂದು ನಾನು ಕಾದಿದ್ದೆ. ಅವನಿಗೆ ಅವರ ಬಗ್ಗೆ ಕುತೂಹಲವೇ ಇರಲಿಲ್ಲ.

"ಎಣಿಸ್ದೆ ಎಂಗೆ ಬರ್ದೆ ನೀನು?" ಎಂದ.

ಬೈಗುಳವಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದ. ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ವಾದವೆಲ್ಲ ಅಲ್ಲೇ ಮುಗಿಯಿತು.

ಮರುದಿನ ಕಚೇರಿಗೆ ಹೋಗುವ ಮೊದಲೇ ಪತ್ರ ಬರೆದೆ. ನಿಧಿಗೆ ಒಂದು, ನೇಪಾಳದ ಬ್ಯಾಂಕಿನ ಆಡಳಿತ ಮಂಡಳಿಗೆ ಒಂದು. ಸಂಸ್ಥೆಯ ಕಾಗದದ ಮೇಲಲ್ಲ, ಬಿಳಿ ಹಾಳೆಯ ಮೇಲೆ, ನನ್ನ ಹೆಸರಿನಲ್ಲಿ. 'ಕ್ಷೇತ್ರ ವೀಕ್ಷಣೆ' ಎಂದು ನಾನು ಬರೆದದ್ದು ಸುಳ್ಳು. ಹನ್ನೊಂದು ಎಂಬುದು ಮೈಸೂರಿನ ಒಂದು ಶಾಖೆಯಲ್ಲಿ ಕುರ್ಚಿಯಿಂದ ಎಣಿಸಿದ ಸಂಖ್ಯೆ. ಅದರಲ್ಲಿ ಒಬ್ಬ ಅಕ್ಕಸಾಲಿಗರು, ಇಬ್ಬರು ವಿಮೆ ಮಾರುವವರು, ಒಬ್ಬಳು ಕಸ ಗುಡಿಸುವಾಕೆ, ಒಬ್ಬ ಗ್ರಾಹಕರು ಸೇರಿದ್ದಾರೆ. ಈ ಬ್ಯಾಂಕಿನ ಬಗ್ಗೆ ಕರಡಿನಲ್ಲಿರುವ ಯಾವ ತೀರ್ಮಾನಕ್ಕೂ ಆಧಾರವಿಲ್ಲ. ಸರಿಯಾದ ಪಟ್ಟಿಯನ್ನು ಲಗತ್ತಿಸಿದ್ದೇನೆ. ಇಷ್ಟೇ. ಅಷ್ಟು ನೇರವಾದ ಪುಟವನ್ನು ಆ ಎಂಟು ತಿಂಗಳಲ್ಲಿ ನಾನು ಬರೆದಿರಲಿಲ್ಲ. ಇಮೇಲಿನಲ್ಲೇ ಕಳಿಸಿ, ಒಂದು ಪ್ರತಿಯನ್ನು ನಿರ್ದೇಶಕರ ಮೇಜಿನ ಮೇಲಿಟ್ಟೆ. ಅವರು ಓದಿ, ಮಡಿಸಿ, ಫೈಲ್ ಮಾಡಲು ಗುಮಾಸ್ತೆಗೆ ಕೊಟ್ಟರು. ಅವಳು ತೂತು ಹೊಡೆದು ದಾರ ಕಟ್ಟಿದಳು.

ನನ್ನ ಕಾಂಟ್ರಾಕ್ಟು ಮಾರ್ಚಿಗೆ ಮುಗಿಯಿತು, ಮತ್ತೆ ಶುರುವಾಗಲಿಲ್ಲ. ವರದಿ ಬಿಡುಗಡೆಯಾಯಿತು. ಪೇಟ ತೊಟ್ಟ ಅತಿಥಿಗಳು ಅದನ್ನು ಎದೆಯ ಮುಂದೆ ಹಿಡಿದು ನಿಂತ ಫೋಟೋ ಪತ್ರಿಕೆಯಲ್ಲಿ ಬಂತು. ಒಂದು ಪ್ರತಿ ತರಿಸಿ ನೋಡಿದೆ. ನೇಪಾಳದ ಆ ಬ್ಯಾಂಕಿನ ಸಾಲಿನ ಮೇಲೆ ಬಿಳಿ ಚೀಟಿ ಅಂಟಿಸಿ 'ಮಾಹಿತಿ ಅಲಭ್ಯ' ಎಂದು ಬರೆದಿದ್ದರು. ಉಳಿದ ಏಳು ಬ್ಯಾಂಕುಗಳಲ್ಲಿ ಶಾಖೆಗೆ ಹನ್ನೊಂದು ಹಾಗೇ ಇತ್ತು, ಅವರಲ್ಲಿ ಯಾರೂ ದೂರಿರಲಿಲ್ಲವಲ್ಲ. ಆ ಏಳಕ್ಕೂ ಅದೇ ಪತ್ರ ಕಳಿಸಿದ್ದೇನೆ. ಎರಡರಿಂದ ಉತ್ತರ ಬಂದಿದೆ.

ನೇಪಾಳದ ಮಂಡಳಿ ಹತ್ತೊಂಬತ್ತು ಶಾಖೆಗಳನ್ನೂ ಉಳಿಸಿಕೊಂಡಿತು. ಸುದ್ದಿ ತಿಳಿಸಿದ ಅಧಿಕಾರಿ ಧನ್ಯವಾದ ಹೇಳಲಿಲ್ಲ, ಹೇಳುವ ಕಾರಣವೂ ಇರಲಿಲ್ಲ. ಒಂದು ಫೋಟೋ ಕಳಿಸಿದ್ದರು. ತಗಡಿನ ಮಾಡಿನ ಒಂದು ಕೋಣೆ, ಹಿಂದೆ ಇಳಿಜಾರು, ಬಾಗಿಲಲ್ಲಿ ಸ್ವೆಟರ್ ಹಾಕಿಕೊಂಡು ನಿಂತ ಇಬ್ಬರು. ಕೆಳಗೆ ಎರಡು ಸಾಲು ಬರೆದಿದ್ದರು. ಶಾಖೆಯ ಎಲ್ಲ ಸಿಬ್ಬಂದಿಯೂ ಈ ಚಿತ್ರದಲ್ಲಿದ್ದಾರೆ. ಚಿತ್ರ ತೆಗೆದವರು ಗ್ರಾಹಕರು, ದಯವಿಟ್ಟು ಅವರನ್ನು ಎಣಿಸಬೇಡಿ.